ಚೌಕದ ಕರ್ಣವೂ ನಮ್ಮ ಗಣಿತ ಪರಂಪರೆಯೂ

ಮಾಧವನಗರದಂತಹ ಗಡಿಯೂರಿನ ಕನ್ನಡ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಆದರೆ ಚೌಕದ ಎದುರು ಮೂಲೆಗಳನ್ನು ಕೂಡಿಸುವ ಗೆರೆಗೆ ಎರಡರಲ್ಲಿಯೂ 'ಕರ್ಣ'ವೆಂದೇ ಹೆಸರು. ಈ ಶಬ್ದದ ಹಿಂದೆ ದೀರ್ಘ ಇತಿಹಾಸವಿದೆ.

ಪೈಥಾಗೊರಸನ ಹೆಸರಿನಿಂದ ನಾವು ಕಲಿಸುವ ಪ್ರಮೇಯವು ಬೌಧಾಯನ ಶುಲ್ಬಸೂತ್ರದಲ್ಲಿ ಹಗ್ಗದ ಅಳತೆಯಾಗಿ ಬಂದಿದೆ. ಚೌಕದ ಕರ್ಣದ ಮೇಲೆ ರಚಿಸಿದ ಚೌಕವು ಮೊದಲಿನದರ ಇಮ್ಮಡಿಯೆಂದು ಅದು ತಿಳಿಸುತ್ತದೆ. ಎರಡು ಚೌಕಗಳನ್ನು ಒಂದಾಗಿಸುವ ರೀತಿಯನ್ನೂ ಹೇಳುತ್ತದೆ. 9ನೆಯ ಶತಮಾನದಲ್ಲಿ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದ ಗಣಿತಸಾರಸಂಗ್ರಹದಲ್ಲಿ ಕ್ಷೇತ್ರಗಣಿತವನ್ನು ವಿವರಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಅದೇ ವಿಷಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ರಚಿಸಿದನು.

ಅದೇ ಶತಮಾನದ ಭಾಸ್ಕರಾಚಾರ್ಯನ ಉಪಪತ್ತಿಯಂತೂ ಕೈಯಲ್ಲಿ ಮಾಡಿ ತೋರಿಸುವಂತಹದು. 3, 4, 5 ಅಂಗುಲ ಭುಜಗಳ ನಾಲ್ಕು ತ್ರಿಕೋನಗಳನ್ನು 5 ಅಂಗುಲದ ಚೌಕದೊಳಗೆ ಸುತ್ತಲೂ ಹೊಂದಿಸಿದರೆ ನಡುವೆ 1 ಅಂಗುಲದ ಚೌಕ ಉಳಿಯುತ್ತದೆ. ತ್ರಿಕೋನಗಳ ಕ್ಷೇತ್ರಫಲ 24, ನಡುವಿನದು 1, ಒಟ್ಟು 25. ಅದೇ 9 ಮತ್ತು 16ರ ಮೊತ್ತ.

ಅಧ್ಯಾಪಕ ಬಂಧುಗಳು ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲು ಮಕ್ಕಳಿಂದ ರಟ್ಟು ಕತ್ತರಿಸಿ ಇದನ್ನು ಮಾಡಿಸಬೇಕು. ಗಣಿತಕ್ಕೆ ಕನ್ನಡ ಸಾಲದೆನ್ನುವವರಿಗೆ ರಾಜಾದಿತ್ಯನು ಎಂಟು ನೂರು ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾನೆ. ಆ ಉತ್ತರವನ್ನು ತರಗತಿಯಲ್ಲಿ ಉಳಿಸಿಕೊಳ್ಳುವ ಹೊಣೆ ನಮ್ಮದು.