ಬಜಾರಿ ಗೆದ್ದ ಕಥೆ

ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆ ಬಂತೆಂದರೆ ಪರದೆ ಕಟ್ಟಿ ಸಾಮಾಜಿಕ ನಾಟಕ ಆಡುವ ರೂಢಿ ಹಳೆಯದು. ಈ ನಾಟಕಗಳಲ್ಲಿ ಜನ ಬೇಸರವಿಲ್ಲದೆ ಮತ್ತೆ ಮತ್ತೆ ನೋಡಿದ ಕಥೆಯೊಂದಿದೆ: ಬಾಯಿಜೋರಿನ ಶ್ರೀಮಂತರ ಹುಡುಗಿ, ಅವಳ ಸೊಕ್ಕು ಇಳಿಸಲು ಹೊರಟ ಗಂಡು, ಕೊನೆಗೆ ಇಬ್ಬರಿಗೂ ಪ್ರೀತಿ. ಈ ಕಥೆಯ ಒಂದು ಬೇರು ಇಂಗ್ಲೆಂಡಿನಲ್ಲಿದೆ ಎಂದು ನನಗೆ ತಿಳಿದದ್ದು ಬಿ.ಇ. ಓದುವಾಗ.

1590ರ ಆಸುಪಾಸಿನಲ್ಲಿ ಶೇಕ್ಸ್‌ಪಿಯರ್ 'ದಿ ಟೇಮಿಂಗ್ ಆಫ್ ದಿ ಶ್ರೂ' ಬರೆದ. ಅದರಲ್ಲಿ ಪೆಟ್ರೂಷಿಯೋ ವರದಕ್ಷಿಣೆಯ ಆಸೆಗೆ ಗಯ್ಯಾಳಿ ಕ್ಯಾಥರೀನಾಳನ್ನು ಮದುವೆಯಾಗುತ್ತಾನೆ. ಊಟ ಕೊಡದೆ, ನಿದ್ದೆ ಮಾಡಲು ಬಿಡದೆ, ಹಗಲಿನ ಸೂರ್ಯನನ್ನೇ ಚಂದ್ರ ಎಂದು ಅವಳ ಬಾಯಲ್ಲಿ ಹೇಳಿಸುತ್ತಾನೆ. ಇವತ್ತು ಓದಿದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ಆ ಕಾಲದ ಇಂಗ್ಲಿಷ್ ರಂಗದಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದವರು ಹುಡುಗರೇ. ನಮ್ಮೂರ ನಾಟಕಗಳಲ್ಲೂ ಮೀಸೆ ಬೋಳಿಸಿಕೊಂಡ ಯುವಕ ಸೀರೆ ಉಟ್ಟು ನಾಯಕಿಯಾಗುತ್ತಿದ್ದ, ಇಲ್ಲವೇ ಹೊರಗಿನಿಂದ ದುಡ್ಡು ಕೊಟ್ಟು ಕಲಾವಿದೆಯರನ್ನು ಕರೆಸುತ್ತಿದ್ದರು. ಊರಿನ ಹೆಣ್ಣುಮಗಳು ಮಾತ್ರ ಸ್ಟೇಜ್ ಹತ್ತುವಂತಿರಲಿಲ್ಲ.

ಆ ನಾಟಕವನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಎಂದು ಕನ್ನಡದ ಮನೆಗೆ ತಂದರು. ಇದೇ ಜಾಡಿನ ಕಥೆ ಉತ್ತರ ಕರ್ನಾಟಕದ ವೃತ್ತಿರಂಗದಲ್ಲೂ ಇತ್ತು, ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್'. ನಮ್ಮ ತಾಲ್ಲೂಕುಗಳು ಹಿರೇಕೆರೂರು, ಹಾನಗಲ್ಲುಗಳಿಗೆ ತಾಗಿಕೊಂಡಿರುವುದರಿಂದ ಆ ಕಡೆಯ ಮಾತು ನಮ್ಮವರಿಗೆ ಹೊಸದೇನೂ ಅಲ್ಲ. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಸಿನಿಮಾ ಮಾಡಿದರು. ಎಮ್ಮೆಯ ಮೇಲೆ ಕೂತು ರಾಜಕುಮಾರ್ ತಾವೇ ಹಾಡಿದ ಹಾಡು ಯಾರಿಗೆ ಗೊತ್ತಿಲ್ಲ? ಆದರೆ ಎದುರಿಗೆ ನಿಂತ ಮಂಜುಳಾ ಒಂದು ಕೂದಲೆಳೆಯಷ್ಟೂ ಕಡಿಮೆಯಿಲ್ಲ. 1976ರಲ್ಲಿ ಅದೇ ನಿರ್ದೇಶಕರ 'ಬಹದ್ದೂರ್ ಗಂಡು' ಬಂತು. ಅದರಲ್ಲಿ ನಾಯಕಿ ಜಯಂತಿ.

ನಮ್ಮ ತಲೆಮಾರಿನ ಪಾಲಿಗೆ ಸಿಕ್ಕಿದ್ದು 1989ರ 'ನಂಜುಂಡಿ ಕಲ್ಯಾಣ'. ಪರ್ವತವಾಣಿಯವರ ನಾಟಕದ ಕಥೆ, ಎಂ.ಎಸ್. ರಾಜಶೇಖರ್ ನಿರ್ದೇಶನ, ರಾಘವೇಂದ್ರ ರಾಜಕುಮಾರ್ ನಾಯಕ. ನಾಯಕಿಯಾಗಿ ಮಾಲಾಶ್ರೀಯವರಿಗೆ ಕನ್ನಡದಲ್ಲಿ ಅದೇ ಮೊದಲ ಚಿತ್ರ. ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಪಡಸಾಲೆಯಲ್ಲಿ ಅದನ್ನು ನೋಡುವಾಗ ಗಂಡಸರು ನಾಯಕ ಗೆದ್ದಾಗಲೆಲ್ಲ ಸೀಟಿ ಹೊಡೆದರು. ನನ್ನ ಅಜ್ಜಿ ಮಾತ್ರ, "ಆ ಹುಡ್ಗಿ ಕೇಳಿದ್ರಾಗ ತಪ್ಪೇನೈತಿ?" ಎಂದಿದ್ದಳು. ಅಜ್ಜಿ ಶೇಕ್ಸ್‌ಪಿಯರನ ಹೆಸರು ಕೇಳಿದವಳಲ್ಲ, ಆದರೆ ನಾಟಕದ ನರ ಹಿಡಿದಿದ್ದಳು.

ಗಮನಿಸಿ, ಈ ಕಥೆ ಬರೆದದ್ದು ಹುಡುಗಿ ತಗ್ಗಲಿ ಎಂದು. ಜನ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಅವಳು ತಗ್ಗುವ ಮೊದಲಿನ ಅಬ್ಬರವನ್ನು. ಮಂಜುಳಾ ಹೆಸರು ಮಾಡಿದ್ದು ಅಂಥ ದಿಟ್ಟ ಪಾತ್ರಗಳಿಂದಲೇ. ಮಾಲಾಶ್ರೀಯವರಂತೂ ಮುಂದೆ ತಾವೇ ಹೊಡೆದಾಡುವ ನಾಯಕಿಯಾಗಿ ಚಿತ್ರಮಂದಿರ ತುಂಬಿಸಿದರು. ಕೊನೆಯ ರೀಲಿನಲ್ಲಿ ಸೋತವಳು ಥಿಯೇಟರಿನ ಹೊರಗೆ ಗೆದ್ದಳು ಎಂದೇ ನನ್ನ ಲೆಕ್ಕ.

ಇದು ಬರೀ ಸಿನಿಮಾ ಮಾತಲ್ಲ. ನಮ್ಮ ಕಾಲದಲ್ಲಿ ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳುವ ಹುಡುಗಿಗೆ 'ಬಜಾರಿ' ಎಂಬ ಹೆಸರು ಬೀಳುತ್ತಿತ್ತು. ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ಅವರಲ್ಲಿ ಕೆಲವರ ಮದುವೆ ಮಾತು ನಡೆದಿರುತ್ತಿತ್ತು. ಅವರು ಕೇಳಿದ ಪ್ರಶ್ನೆಗಳು ನಾವು ಹುಡುಗರು ಕೇಳಿದ್ದಕ್ಕಿಂತ ಚೆನ್ನಾಗಿದ್ದವು.

ಜಾತ್ರೆ ನಾಟಕಗಳ ಕೈಬರಹದ ಪ್ರತಿ, ಕರಪತ್ರ, ಫೋಟೊ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ದಯವಿಟ್ಟು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಸೀರೆ ಉಟ್ಟು ನಾಯಕಿಯಾದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಆಗ ಆಡಿದ ಮಾತುಗಳನ್ನು ಕೇಳಿ ಬರೆದಿಡುವ ಕೆಲಸವನ್ನು ಈ ವರ್ಷದ ಹತ್ತನೇ ತರಗತಿಯ ಹೆಣ್ಣುಮಕ್ಕಳಿಗೇ ವಹಿಸಬೇಕೆಂದು ಗುರುಗಳಲ್ಲಿ ನನ್ನ ಕೋರಿಕೆ.