ಅಂಶದಾಯಿ ನಿರ್ಲಕ್ಷ್ಯ
ಅಪಘಾತದಲ್ಲಿ ಗಾಯಗೊಂಡವನು ಪ್ರತಿವಾದಿಯ ಅಜಾಗರೂಕತೆಯನ್ನು ಸಮರ್ಪಕವಾಗಿ ರುಜುವಾತುಪಡಿಸಿದಾಗ್ಯೂ, ತನಗಾದ ಪೆಟ್ಟಿಗೆ ತಾನೂ ಕಿಂಚಿತ್ತು ಕಾರಣನಾಗಿದ್ದನೆಂದು ಸಿದ್ಧಪಟ್ಟಲ್ಲಿ, ಅವನಿಗೆ ಪರಿಹಾರದ ಒಂದು ಕಾಸೂ ಸಲ್ಲದೆಂಬ ನ್ಯಾಯಸೂತ್ರ. ರಸ್ತೆಗೆ ಅಡ್ಡಲಾಗಿದ್ದ ಕಂಬವನ್ನು ಗಮನಿಸದೆ ಕುದುರೆಯನ್ನು ಅತಿವೇಗದಿಂದ ಓಡಿಸಿ ಬಿದ್ದ ಸವಾರನ ದಾವೆಯನ್ನು 1809ರಲ್ಲಿ ತಿರಸ್ಕರಿಸಿದ ಇಂಗ್ಲೆಂಡಿನ ಬಟರ್‌ಫೀಲ್ಡ್–ಫಾರೆಸ್ಟರ್ ತೀರ್ಪು ಇದರ ಮೂಲ. ಇಂಗ್ಲೆಂಡು 1945ರ ಶಾಸನದಿಂದ ಇದನ್ನು ತ್ಯಜಿಸಿ ದೋಷಾನುಪಾತವಾಗಿ ಪರಿಹಾರವನ್ನು ಕಡಿತಗೊಳಿಸುವ ಪದ್ಧತಿಯನ್ನು ಅಂಗೀಕರಿಸಿತು; ಭಾರತದ ಮೋಟಾರು ಅಪಘಾತ ನ್ಯಾಯಮಂಡಳಿಗಳ ರೀತಿಯೂ ಅದೇ. ಆದರೆ ಅಮೆರಿಕದ ಅಲಬಾಮಾ, ಮೇರಿಲ್ಯಾಂಡ್, ಉತ್ತರ ಕ್ಯಾರೊಲೈನಾ, ವರ್ಜೀನಿಯಾ ಸಂಸ್ಥಾನಗಳಲ್ಲಿ ಈ ಕಠೋರ ನಿಯಮ ಇನ್ನೂ ಜೀವಂತವಾಗಿದೆ. ಮೇರಿಲ್ಯಾಂಡಿನ ಪರಮೋಚ್ಚ ನ್ಯಾಯಾಲಯವು 2013ರಲ್ಲಿ, ಬದಲಾವಣೆ ಶಾಸನಸಭೆಯ ಕಾರ್ಯವೆಂದು ಹೇಳಿ, ಅದನ್ನು ಉಳಿಸಿಕೊಂಡಿತು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಮಾತ್ರ 2016ರ ಶಾಸನವು ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ವಿನಾಯಿತಿಯನ್ನಿತ್ತಿದೆ.

ನೂರರಲ್ಲಿ ಒಂದು ಪಾಲು ತಪ್ಪಿಗೆ ಪರಿಹಾರವೆಲ್ಲವನ್ನೂ ಕಳೆದುಕೊಳ್ಳುವುದು ಅನ್ಯಾಯವೆಂದೇ ಹೇಳಬೇಕು. ಆದಕಾರಣ ಈ ನಿಯಮವಿರುವ ಸಂಸ್ಥಾನಗಳಲ್ಲಿ ದಾವೆ ಹೂಡುವವನು, ವಿಮಾ ಸಂಸ್ಥೆಯವರು ಕೇಳುವ ಧ್ವನಿಮುದ್ರಿತ ಹೇಳಿಕೆಯಲ್ಲಿ ‘ನಾನೂ ನೋಡಲಿಲ್ಲ’ವೆಂಬ ಒಂದೇ ಮಾತು ತನ್ನ ಹಕ್ಕನ್ನೇ ಅಳಿಸಬಹುದೆಂದರಿತು, ವಕೀಲರ ಸಲಹೆಯಿಲ್ಲದೆ ನುಡಿಯದೆ, ಸ್ಥಳದ ಛಾಯಾಚಿತ್ರ, ಸಾಕ್ಷಿಗಳ ವಿಳಾಸ, ವೈದ್ಯಕೀಯ ದಾಖಲೆಗಳನ್ನು ಒಡನೆಯೇ ಸಂಗ್ರಹಿಸತಕ್ಕದ್ದು. ಫಿರ್ಯಾದಿಯ ದೋಷವನ್ನು ಸಾಧಿಸುವ ಹೊಣೆ ಪ್ರತಿವಾದಿಯದು. ಅಪಾಯವನ್ನು ತಪ್ಪಿಸುವ ಕಟ್ಟಕಡೆಯ ಸ್ಪಷ್ಟ ಅವಕಾಶ ಪ್ರತಿವಾದಿಗೇ ಇತ್ತೆಂದು ತೋರಿಸಿದರೆ ಫಿರ್ಯಾದಿಯ ಹಕ್ಕು ಉಳಿಯುವುದುಂಟು. ದಾರಿಯಲ್ಲಿ ಕಾಲು ಕಟ್ಟಿ ಬಿಟ್ಟಿದ್ದ ಕತ್ತೆಯ ಮೇಲೆ ಬಂಡಿ ಹರಿದ 1842ರ ಇಂಗ್ಲಿಷ್ ಮೊಕದ್ದಮೆಯಿಂದ ಈ ಅಪವಾದ ಹುಟ್ಟಿತು. ದಾವೆಯ ಕಾಲಮಿತಿ ಸಾಮಾನ್ಯವಾಗಿ ವರ್ಜೀನಿಯಾ, ಅಲಬಾಮಾಗಳಲ್ಲಿ 2 ವರ್ಷ, ಮೇರಿಲ್ಯಾಂಡ್, ಉತ್ತರ ಕ್ಯಾರೊಲೈನಾಗಳಲ್ಲಿ 3 ವರ್ಷ.