ಮುಂಬಯಿಯ ಬಾಡಿಗೆ, ಮೈಸೂರಿನ ಜಮೀನು

ಭಾರತೀಯ ವಿಜ್ಞಾನ ಸಂಸ್ಥೆ ಎಂದರೆ ಬೆಂಗಳೂರಿನ ಹಳಬರಿಗೆ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮುಂಬಯಿಯ ಒಬ್ಬ ಮಹಾದಾನಿ ಕೊಟ್ಟ, ಬೆಂಗಳೂರು ಪಡೆಯಿತು ಎಂಬಷ್ಟಕ್ಕೇ ಆ ಸಂಸ್ಥೆಯ ಕಥೆ ನಮ್ಮ ಪಠ್ಯಪುಸ್ತಕಗಳಲ್ಲೂ ಭಾಷಣಗಳಲ್ಲೂ ನಿಂತುಬಿಟ್ಟಿದೆ. ಕಥೆ ಸುಳ್ಳಲ್ಲ, ಆದರೆ ಅರ್ಧ. ಆ ದಾನ ನೂರು ವರ್ಷ ದಾಟಿ ಉಳಿದದ್ದಕ್ಕೆ ದಾನಿಯ ದೊಡ್ಡ ಮನಸ್ಸೊಂದೇ ಕಾರಣವಾಗಿದ್ದರೆ, ಅದೇ ದಾನಿ ಅದೇ ಊರಿನಲ್ಲಿ ಕೈಹಾಕಿದ ಮತ್ತೊಂದು ಕೆಲಸವೂ ಉಳಿಯಬೇಕಿತ್ತು. ಅದು ಉಳಿಯಲಿಲ್ಲ. ಹಣವನ್ನು ಯಾವ ರೀತಿಯಲ್ಲಿ ಕಟ್ಟಿಟ್ಟರು, ಅದರ ಜೊತೆಗೆ ಇನ್ನಾರು ಹಣ ಹಾಕಿದರು, ಅದಕ್ಕೆ ಯಾರು ಹೊಣೆಯಾದರು ಎಂಬುದನ್ನು ನೋಡಿದರೆ ಮಾತ್ರ ಈ ವ್ಯತ್ಯಾಸ ಅರ್ಥವಾಗುತ್ತದೆ. ಖಾಸಗಿ ಪ್ರತಿಷ್ಠಾನಗಳು ಸಮಾಜದ ಕೆಲಸಕ್ಕೆ ಕೋಟಿಗಟ್ಟಲೆ ಹಣ ಹಾಕುತ್ತಿರುವ ಈ ಹೊತ್ತಿನಲ್ಲಿ ಆ ಹಳೆಯ ಲೆಕ್ಕವನ್ನು ಬಿಚ್ಚಿ ನೋಡುವುದು ಅಗತ್ಯ.

ಜಮ್‌ಶೆಟ್‌ಜಿ ಟಾಟಾ ಅವರ ಮೊದಲ ವ್ಯವಸ್ಥಿತ ಕೊಡುಗೆ 1892ರ ದತ್ತಿನಿಧಿ. ಹೊರದೇಶಗಳಲ್ಲಿ ಉನ್ನತ ಶಿಕ್ಷಣ ಪಡೆಯಲು ಹೊರಟ ವಿದ್ಯಾರ್ಥಿಗಳಿಗೆ ಅದು ಹಣ ಕೊಡುತ್ತಿತ್ತು, ಆದರೆ ಸಾಲವಾಗಿ. ಓದು ಮುಗಿಸಿ ಸಂಪಾದನೆಗೆ ನಿಂತವರು ಅದನ್ನು ತೀರಿಸಬೇಕು. ತೀರಿಸಿದ ಹಣ ಮತ್ತೊಬ್ಬರ ಓದಿಗೆ ಹೋಗಬೇಕು. ಮೊದಲು ಪಾರ್ಸಿಗಳಿಗೆ ಮೀಸಲಾಗಿದ್ದ ನಿಧಿ ಎರಡೇ ವರ್ಷಗಳಲ್ಲಿ ಎಲ್ಲ ಭಾರತೀಯರಿಗೂ ತೆರೆದುಕೊಂಡಿತು. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ 1940ರ ದಶಕದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋದದ್ದು ಈ ನಿಧಿಯ ಬೆಂಬಲದಿಂದಲೇ. ಸಾಲ ಕೊಡುವುದು ಎಂಥ ದಾನ ಎಂದು ಕೇಳಬಹುದು. ಅಸಲನ್ನು ಕರಗಿಸದೆ ಕೆಲಸ ನಡೆಸುವ ಉಪಾಯ ನಮ್ಮ ನಾಡಿಗೆ ಹೊಸದೇನಲ್ಲ. ದೇವಾಲಯಕ್ಕೋ ಊರಿನ ಮಹಾಜನರಿಗೋ ಹೊನ್ನನ್ನು ಒಪ್ಪಿಸಿ, ಅದರ ಬಡ್ಡಿಯಿಂದ ದೀಪ ಉರಿಯಲಿ, ಅನ್ನ ನಡೆಯಲಿ ಎಂದು ಬರೆಸಿದ ಶಾಸನಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಕೆರೆಯ ದುರಸ್ತಿಗೆಂದೇ ಗದ್ದೆ ಬಿಟ್ಟುಕೊಟ್ಟವರೂ ಇದನ್ನೇ ಮಾಡಿದರು. ಆದರೂ ಆ ಪ್ರಶ್ನೆಯಲ್ಲಿ ಹುರುಳಿದೆ ಎಂದು ಒಪ್ಪಬೇಕು. ಸಾಲ ತೀರಿಸುವ ಭರವಸೆ ಇದ್ದವನೇ ಸಾಲಕ್ಕೆ ಕೈಯೊಡ್ಡುತ್ತಾನೆ. ಪದವಿಯವರೆಗೆ ಬಂದವನಿಗೆ ಈ ನಿಧಿ ಏಣಿಯಾಯಿತು. ಊರಿನ ಶಾಲೆಯ ಮೆಟ್ಟಿಲನ್ನೇ ಹತ್ತದವನ ಕಡೆಗೆ ಅದು ತಿರುಗಲಿಲ್ಲ.

ಎರಡನೆಯದು ರೇಷ್ಮೆಯ ಪ್ರಯೋಗ. ರೋಗಕ್ಕೆ ಸಿಕ್ಕಿ ಸೊರಗಿದ್ದ ಮೈಸೂರು ಸೀಮೆಯ ರೇಷ್ಮೆಯನ್ನು ಜಪಾನಿನ ಪದ್ಧತಿಯಿಂದ ಎತ್ತಿ ನಿಲ್ಲಿಸಬಹುದೆಂದು ನಂಬಿ ಟಾಟಾ ಅವರು 1890ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನ ದಕ್ಷಿಣದಲ್ಲಿ ಒಂದು ಕ್ಷೇತ್ರ ತೆರೆದರು. ಜಪಾನಿನಿಂದ ತಜ್ಞರನ್ನು ಕರೆಸಿದರು. ಮೈಸೂರು ಸರ್ಕಾರ ಜಮೀನನ್ನೂ ವಾರ್ಷಿಕ ಸಹಾಯಧನವನ್ನೂ ಕೊಟ್ಟಿತು. ಹುಳು ಸಾಕುವುದು, ರೋಗವಿಲ್ಲದ ಮೊಟ್ಟೆ ಆರಿಸುವುದು, ನೂಲು ಬಿಚ್ಚುವುದು ಅಲ್ಲಿ ಕಲಿಸುವ ವಿದ್ಯೆಗಳಾದವು. ಇಂದು ಸಾಮಾಜಿಕ ಹೂಡಿಕೆ ಎಂದು ಕರೆಯುವುದು ಇಂಥದ್ದನ್ನೇ: ಲಾಭದ ಆಸೆಗಿಂತ ಒಂದು ಕಸುಬು ಚೇತರಿಸಿಕೊಳ್ಳಲಿ ಎಂಬ ಉದ್ದೇಶಕ್ಕೆ ತೊಡಗಿಸಿದ ಬಂಡವಾಳ. ಆದರೆ ಅದು ನಿಂತಿದ್ದದ್ದು ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ. 1904ರಲ್ಲಿ ಜಮ್‌ಶೆಟ್‌ಜಿ ತೀರಿಕೊಂಡರು. ಕೆಲವು ವರ್ಷಗಳಲ್ಲಿ ಕ್ಷೇತ್ರ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆಯ ಕೈಗೆ ಹೋಯಿತು. ಬಸವನಗುಡಿಯ ಬದಿಯಲ್ಲಿ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರಷ್ಟೇ ಈಗ ಉಳಿದಿದೆ.

ವಿಜ್ಞಾನ ಸಂಸ್ಥೆಯ ಲೆಕ್ಕವೇ ಬೇರೆ. ಟಾಟಾ ಅವರು ಅದಕ್ಕೆ ಮುಡಿಪಿಟ್ಟದ್ದು ಸುಮಾರು 30 ಲಕ್ಷ ರೂಪಾಯಿ ಬೆಲೆಯ ಮುಂಬಯಿಯ ಕಟ್ಟಡಗಳನ್ನು ಮತ್ತು ನಿವೇಶನಗಳನ್ನು. ಅವುಗಳಿಂದ ವರ್ಷಕ್ಕೆ ಸುಮಾರು 1.25 ಲಕ್ಷ ರೂಪಾಯಿ ಹುಟ್ಟುವಳಿ ಬರುತ್ತದೆಂಬ ಅಂದಾಜಿತ್ತು. ಅಂದರೆ ಬೆಂಗಳೂರಿನ ಪ್ರಯೋಗಶಾಲೆ ನಡೆಯಬೇಕಾದದ್ದು ಮುಂಬಯಿಯ ಬಾಡಿಗೆಯಿಂದ. 1898ರ ಡಿಸೆಂಬರ್ 31ರಂದು, ಆಗಷ್ಟೇ ಬಂದಿಳಿದಿದ್ದ ನಿಯೋಜಿತ ವೈಸ್‌ರಾಯ್ ಕರ್ಜನ್ ಅವರ ಮುಂದೆ ಯೋಜನೆಯನ್ನು ಇಟ್ಟಾಗ ಅವರು ಅನುಮಾನಿಸಿದರು: ಇಷ್ಟು ಉನ್ನತ ಓದಿಗೆ ವಿದ್ಯಾರ್ಥಿಗಳು ಎಲ್ಲಿಂದ ಬರುತ್ತಾರೆ, ಬಂದರೂ ಅವರಿಗೆ ಕೆಲಸ ಯಾರು ಕೊಡುತ್ತಾರೆ? ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಿಂದಲೇ ಈ ಯೋಜನೆಗೆ ಒಲಿದಿದ್ದ ಮೈಸೂರು ಸಂಸ್ಥಾನ 371 ಎಕರೆ ಜಮೀನು, ಕಟ್ಟಡಕ್ಕೆ 5 ಲಕ್ಷ ರೂಪಾಯಿ ಮತ್ತು ವರ್ಷಕ್ಕೆ 50,000 ರೂಪಾಯಿ ಕೊಡಲು ಮುಂದಾಯಿತು. ಆದರೂ ಕಾಗದಪತ್ರ ಅಲೆದಾಡಿ ಹನ್ನೊಂದು ವರ್ಷ ಕಳೆಯಿತು. ತಂದೆ ಇಲ್ಲವಾದ ಮೇಲೆ ಮಕ್ಕಳಾದ ದೊರಾಬ್ಜಿ ಮತ್ತು ರತನ್ ಟಾಟಾ ಮಾತಿನಿಂದ ಹಿಂದೆ ಸರಿಯಲಿಲ್ಲ. 1909ರ ಮೇ 27ರಂದು, 1890ರ ಧರ್ಮಾದಾಯ ದತ್ತಿಗಳ ಕಾಯ್ದೆಯ ಅಡಿಯಲ್ಲಿ ಆದೇಶ ಹೊರಟಿತು. ಆ ವಿಳಂಬವನ್ನು ಬ್ರಿಟಿಷ್ ಆಡಳಿತದ ಸಣ್ಣತನವೆಂದು ಬೈಯುವುದು ವಾಡಿಕೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಆ ಹನ್ನೊಂದು ವರ್ಷಗಳ ಎಳೆದಾಟದಲ್ಲೇ ಒಬ್ಬನ ಆಸ್ತಿ ಕಾನೂನಿನ ಕಾವಲಿರುವ ಸಾರ್ವಜನಿಕ ನಿಧಿಯಾಯಿತು, ದಾನಿಯ ಮನೆತನ, ಮೈಸೂರು, ಭಾರತ ಸರ್ಕಾರ ಈ ಮೂವರೂ ಅದಕ್ಕೆ ಕಟ್ಟುಬಿದ್ದರು. ರೇಷ್ಮೆ ಕ್ಷೇತ್ರಕ್ಕೆ ದೊರೆಯದೆ ಹೋದದ್ದು ಈ ಕಟ್ಟು.

ಇಲ್ಲಿ ಮೈಸೂರಿನ ಪಾಲನ್ನು ಎತ್ತಿ ಹೇಳಲೇಬೇಕು. ಸಂಸ್ಥಾನ ಕೊಟ್ಟ ವರ್ಷಾಶನ ಬಂದದ್ದು ರೈತರ ಕಂದಾಯದಿಂದ. ಹಾಗಾದರೆ ಆ ರೈತನಿಗೆ ಸಿಕ್ಕಿದ್ದೇನು ಎಂಬುದು ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನಲ್ಲಿ ಓದಿದ ಕೆಲವೇ ಮಂದಿಗಾಗಿ ಮೀಸಲಾದ ಸಂಸ್ಥೆ ಎಂಬ ಟೀಕೆಗೆ ಮೊದಲ ದಿನಗಳಲ್ಲಿ ಉತ್ತರವಿರಲಿಲ್ಲ. ಮೊದಲ ಮಹಾಯುದ್ಧ ಒಂದು ಉತ್ತರ ಕೊಟ್ಟಿತು. ಮೈಸೂರಿನ ಗಂಧದ ಮರ ಅಲ್ಲಿಯವರೆಗೆ ಕೊರಡಾಗಿಯೇ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆದು ಲಾಭ ಮಾಡಿಕೊಳ್ಳುತ್ತಿದ್ದವರು ಜರ್ಮನ್ನರು. ಯುದ್ಧದಿಂದ ಆ ಮಾರುಕಟ್ಟೆ ಮುಚ್ಚಿತು. ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಗಂಧದೆಣ್ಣೆ ಭಟ್ಟಿ ಇಳಿಸುವ ವಿಧಾನ ರೂಪಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಎಣ್ಣೆ ಕಾರ್ಖಾನೆಗಳು ತೆರೆದವು; ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದು ಅದರ ಬೆನ್ನಿಗೆ. ಸಂಸ್ಥಾನ ಕೊಟ್ಟದ್ದರಲ್ಲಿ ಒಂದಷ್ಟು ಹೀಗೆ ಅದರ ಬೊಕ್ಕಸಕ್ಕೇ ಹಿಂದಿರುಗಿತು. ಪಾಲುದಾರನಾಗಿದ್ದುದರಿಂದಲೇ ಮೈಸೂರಿಗೆ ಸಂಸ್ಥೆಯ ಬಾಗಿಲು ತಟ್ಟಿ ಕೆಲಸ ಕೇಳುವ ಹಕ್ಕಿತ್ತು ಎಂಬುದು ನನ್ನ ನಂಬಿಕೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಆ ಮುಂಬಯಿ ಕಟ್ಟಡಗಳು ಎದ್ದದ್ದು ಹತ್ತಿ ಗಿರಣಿಗಳ ಲಾಭದಿಂದ. ಆ ಲಾಭದಲ್ಲಿ ಗಿರಣಿ ಕಾರ್ಮಿಕರ ಬೆವರಿತ್ತು. ನಾಗಪುರದ ಎಂಪ್ರೆಸ್ ಗಿರಣಿಯಲ್ಲಿ ಜಮ್‌ಶೆಟ್‌ಜಿ ಪಿಂಚಣಿ ನಿಧಿಯನ್ನೂ ಅಪಘಾತ ಪರಿಹಾರವನ್ನೂ ಕಾನೂನು ಒತ್ತಾಯಿಸುವ ಮೊದಲೇ ತಂದರು. ಅದು ಆ ಕಾಲಕ್ಕೆ ದೊಡ್ಡದು. ಆದರೂ ಲಾಭದ ಯಾವ ಪಾಲನ್ನು ಕೂಲಿಗೆ, ಯಾವುದನ್ನು ವಿಜ್ಞಾನಕ್ಕೆ ಕೊಡಬೇಕೆಂದು ತೀರ್ಮಾನಿಸಿದವರು ಒಡೆಯರೊಬ್ಬರೇ, ಕಾರ್ಮಿಕರನ್ನು ಯಾರೂ ಕೇಳಲಿಲ್ಲ. ಈ ಆಕ್ಷೇಪವನ್ನು ಯಾವ ಸಾಧನೆಯ ಪಟ್ಟಿಯೂ ಪೂರ್ತಿ ತೊಡೆದುಹಾಕಲಾರದು. ಆಗಬಹುದಾದದ್ದು ಇಷ್ಟೇ: ಕೊಟ್ಟ ಮೇಲಾದರೂ ಹಣದ ಮೇಲಿನ ಮಾತು ಒಬ್ಬರ ಕೈಯಲ್ಲಿ ಉಳಿಯದಂತೆ ನೋಡಿಕೊಳ್ಳುವುದು. 1909ರ ಆದೇಶ ಅಷ್ಟನ್ನು ಮಾಡಿತು.

ಅಮೆರಿಕದ ಫೋರ್ಡ್ ಪ್ರತಿಷ್ಠಾನ ಅನುದಾನದ ಜೊತೆಗೆ ಮರಳಿ ಬರುವ ಸಾಲ, ಹೂಡಿಕೆಗಳನ್ನೂ ಸಮಾಜಕಾರ್ಯಕ್ಕೆ ಬಳಸಲು ಮುಂದಾದದ್ದು 1968ರಲ್ಲಿ. ಮರುವರ್ಷ ಅಲ್ಲಿನ ತೆರಿಗೆ ಕಾನೂನು ಅದನ್ನು ಒಪ್ಪಿಕೊಂಡಿತು. ಇಂದು ಇದನ್ನೆಲ್ಲ ಹೊಸ ಶೋಧವೆಂಬಂತೆ ವಿವರಿಸುವವರಿಗೆ 1892ರ ಸಾಲದ ದತ್ತಿಯನ್ನು ತೋರಿಸಬಹುದು. ನಮಗೆ ಹತ್ತಿರದ ಉದಾಹರಣೆ ಬೇರೆಯೇ ಇದೆ. ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು; 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಉಳಿದ ನಾಲ್ಕು ದಿನಗಳ ವೆಚ್ಚ ಹೊತ್ತು, ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಯಾದಗಿರಿಯಂಥ ಜಿಲ್ಲೆಯ ಮಗುವಿಗೆ ಆ ಮೊಟ್ಟೆ ಎಷ್ಟು ದೊಡ್ಡದು ಎಂಬುದರಲ್ಲಿ ಚರ್ಚೆಯೇ ಇಲ್ಲ. ಟಾಟಾ ಸಾಲ ಮುಟ್ಟದ ಮಗುವನ್ನು ಇದು ನೇರವಾಗಿ ಮುಟ್ಟಿದೆ. ಆದರೆ ಇದು ಅವಧಿ ಮುಗಿಯುವ ಅನುದಾನ, ವರ್ಷಾಶನವಲ್ಲ. ಎರಡು ದಿನದ ಮೊಟ್ಟೆಯನ್ನು ಮೂರು, ನಾಲ್ಕು ದಿನಕ್ಕೆ ಏರಿಸುತ್ತೇನೆಂದು ಸರ್ಕಾರ ತನ್ನ ಬಜೆಟ್ಟಿನಲ್ಲಿ ಬರೆದು, ಪ್ರತಿಷ್ಠಾನದ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುವಂತೆ ಒಪ್ಪಂದವನ್ನು ಮುಂದುವರಿಸುವುದು ಸಾಧ್ಯವಿದೆ. ಆ ಬರಹವನ್ನು ಶಾಸನಸಭೆಯಲ್ಲಿ ಕೇಳಬೇಕಾದವರು ನಾವು ಆರಿಸಿ ಕಳಿಸಿದ ಪ್ರತಿನಿಧಿಗಳು, ಮತ್ತು ಕೇಳಬೇಕಾದದ್ದು ಅವಧಿ ಮುಗಿಯುವ ಮೊದಲೇ.